ಕ್ರುಮ್‌ನ ಬೆನ್ನಿನ ತೋಳ

ಯಾರದೋ ಕೊಲೆಯ ಸುದ್ದಿ ಬಂದರೆ ತನ್ನ ಮನಸ್ಸಿಗೆ ಹಾಯೆನಿಸುತ್ತದೆ ಎಂಬುದನ್ನು ರಾಲಿತ್ಸಾ ಯಾರಿಗೂ ಹೇಳಿಕೊಂಡಿರಲಿಲ್ಲ. ಅಮ್ಮನಿಗೂ ಹೇಳಿರಲಿಲ್ಲ. ಕೊಲೆಯಿದ್ದರೆ ಟೀವಿ ಕಾರ್ಯಕ್ರಮ, ಕಾರ್ಯಕ್ರಮವಿದ್ದರೆ ಕೆಲಸ. ಕಾರಣ ಅಷ್ಟೇ. ಆದರೂ ಆ ಬೆಳಿಗ್ಗೆ ಕಡಲತೀರದ ಊರು ಬುರ್ಗಾಸ್‌ನ ಉಪ್ಪಿನ ಗದ್ದೆಯ ಬದುವಿನ ಮೇಲೆ ನಿಂತು, ಹೊದಿಕೆಯಡಿಯಿಂದ ಹೊರಚಾಚಿದ್ದ ಬೂಟುಗಳನ್ನು ನೋಡುತ್ತಿದ್ದಾಗ, ಎದೆಯೊಳಗೆ ಅದೇ ಹಗುರ ಬಂದು ಕೂತಿತು. ಅವಳಿಗೆ ತನ್ನ ಬಗ್ಗೆಯೇ ಹೆದರಿಕೆಯಾಯಿತು.

ಸತ್ತವನು ಕ್ರುಮ್. ಉಪ್ಪುತೋಳಗಳು ಎಂಬ ಮೋಟಾರ್‌ಸೈಕಲ್ ತಂಡದವನು. ಕಾನೂನಿಗೂ ಆ ತಂಡಕ್ಕೂ ಎಂದೂ ಸರಿಹೋದದ್ದಿಲ್ಲ. ಊರಿನ ಪೊಲೀಸರಿಗೆ ಅವರೆಲ್ಲರ ಮುಖ ಪರಿಚಯವಿತ್ತು. ತಲೆಯ ಹಿಂಭಾಗಕ್ಕೆ ಭಾರವಾದ ಯಾವುದರಿಂದಲೋ ಒಂದೇ ಏಟು. ಹಿಂದಿನ ದಿನ ಸಂಜೆಗೆ ಮೊದಲೇ ಪ್ರಾಣ ಹೋಗಿದೆ ಎಂದರು ಡಾಕ್ಟರು. ಬೈಕು ಪಕ್ಕದಲ್ಲೇ ನಿಂತಿತ್ತು. ಉಂಗುರ ಬೆರಳಲ್ಲೇ ಇತ್ತು. ಆದರೆ ತೊಗಲಿನ ಜಾಕೆಟ್ಟಿನ ಬೆನ್ನಿನಲ್ಲಿ ಅಂಗೈಗಿಂತ ದೊಡ್ಡ ತೂತು. ಅಲ್ಲಿ ಹೊಲಿದಿದ್ದ ತಂಡದ ಗುರುತು, ತೋಳದ ಚಿತ್ರದ ಪಟ್ಟಿಯನ್ನು ಯಾರೋ ಚಾಕುವಿನಿಂದ ಕೊಯ್ದು ಒಯ್ದಿದ್ದರು.

"ಚರ್ಮ ಸುಲಿದ ಹಾಗಿದೆ," ಎಂದ ಸಾವಾ ಬಾರೋವ್. ದನಿಯಲ್ಲಿ ಖುಷಿಯಿತ್ತು. "ರಾಲಿ, ಬರ್ಕೋ. ಮೊದಲ್ನೇ ಸಾಲು ಅದೇ."

ಬಾರೋವ್ ಒಂದು ಕಾಲದಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವನು. ಈಗ ಟೀವಿಯ ಪತ್ತೇದಾರ. ವಾರಕ್ಕೊಂದು ಸಂಜೆ ನೇರಪ್ರಸಾರ. ಬೂದುಬಣ್ಣದ ಕೋಟು, ತೂಗಿ ತೂಗಿ ಆಡುವ ಮಾತು. ಆ ಮಾತುಗಳನ್ನು ಬರೆಯುವವಳು ರಾಲಿತ್ಸಾ. ಕ್ಯಾಮೆರಾದ ಮುಂದಿನ ಗಾಜಿನ ಮೇಲೆ ಅಕ್ಷರಗಳು ಹರಿಯುತ್ತವೆ. ಬಾರೋವ್ ಓದುತ್ತಾನೆ. ನೋಡುವವರಿಗೆ ಅವನು ಅಲ್ಲೇ ನಿಂತು ಆಲೋಚಿಸುತ್ತಿರುವಂತೆ ಕಾಣುತ್ತದೆ. ಆ ಅಕ್ಷರಗಳನ್ನು ಓಡಿಸುವವಳೂ ಅವಳೇ. ಬಾಯಿ ಬಿಡಬೇಕಾದ ಕೆಲಸವಲ್ಲ ಎಂದೇ ಅವಳು ಸೇರಿದ್ದಳು.

* * *

ಕ್ರುಮ್‌ನನ್ನು ಹೂಳಿ ಬಂದ ಮೇಲೆ ಊಟ ತಂಡದ ಶೆಡ್ಡಿನಲ್ಲಿ. ಹಿಂದೆ ಅದು ಟೈರಿನ ಗೋದಾಮು. ಸತ್ತವನ ಹೆಸರಲ್ಲಿ ಹಂಚಲು ಬೇಯಿಸಿದ ಗೋಧಿಗೆ ಸಕ್ಕರೆ ಬೆರೆಸಿ ಮೇಜಿನ ಮೇಲೆ ಇಟ್ಟಿದ್ದರು. ಅಂಗಳದಲ್ಲಿ ಬೈಕುಗಳ ಸಾಲು. ರಾಲಿತ್ಸಾ ಕೈಯಲ್ಲಿದ್ದ ಬ್ಯಾಗನ್ನು ಒಂದರ ಸೀಟಿನ ಮೇಲೆ ಇಟ್ಟಳು.

"ಏ ತಂಗಿ, ಎತ್ತು, ಎತ್ತು!" ಪೊದೆಗಡ್ಡದವನೊಬ್ಬ ಓಡಿಬಂದ. "ಬೇಕಾದ್ರೆ ನನ್ನ ಹಲ್ಲು ಕಿತ್ಕೊಂಡ್ ಹೋಗು, ಬೈಕ್ ಮಾತ್ರ ಮುಟ್ಬೇಡ. ಇಲ್ಲಿ ಒಬ್ರ ಬೈಕ್ ಇನ್ನೊಬ್ರು ಮುಟ್ಟಲ್ಲ. ನಮ್ಮ ಹಿರಿಯ ದೆಲ್ಯಾನ್ ಅಣ್ಣನೂ ಮುಟ್ಟಲ್ಲ."

ಅವಳ ಮುಖ ಕೆಂಪಾಯಿತು. ಅವನು ನಕ್ಕುಬಿಟ್ಟ. ಹೆಸರು ಗಾನ್ಚೋ. ತಂಡದಲ್ಲಿ ಎರಡನೆಯ ಸ್ಥಾನ ಅವನದು. ಒಳಗೆ ಹೋಗಿ ಒಂದು ತಟ್ಟೆ ತಂದು ಅವಳ ಕೈಗೆ ಕೊಟ್ಟ. "ತಿನ್ನು. ಸಮುದ್ರದ ಗಾಳಿ ಜೋರಾಗಿ ಬೀಸಿದ್ರೆ ಹಾರ್ಹೋಗ್ತೀಯ."

ರಾಲಿತ್ಸಾಗೆ ಅವನು ಹಿಡಿಸಿದ.

ಎಲ್ಲರೂ ವೈನಿನ ಗ್ಲಾಸು ಹಿಡಿದು ನಿಂತರು. ತಂಡದ ಹಿರಿಯ ದೆಲ್ಯಾನ್ ಕುಂಟುತ್ತ ನಡುವೆ ಬಂದ. ಬಾರೋವ್ ತನ್ನ ಗ್ಲಾಸನ್ನು ಅವನ ಗ್ಲಾಸಿನತ್ತ ಚಾಚಿದ.

ದೆಲ್ಯಾನ್ ಕೈ ಹಿಂದಕ್ಕೆಳೆದುಕೊಂಡ. "ಏನಪ್ಪಾ ಸಾವಾ, ಸತ್ತೋನ ಹೆಸ್ರಲ್ಲಿ ಕುಡಿಯುವಾಗ ಗ್ಲಾಸ್ ತಾಗಿಸ್ತಾರಾ? ನಿಮ್ಮಮ್ಮ ಹೇಳ್ಕೊಟ್ಟಿಲ್ವಾ?"

"ಗೊತ್ತಣ್ಣ. ಟಣ್ ಅಂದ್ರೆ ಮೈಕಿಗೆ ಚೆನ್ನಾಗಿ ಕೇಳತ್ತೆ ಅಂತ..."

"ನಿನ್ ಮೈಕಿಗಿಷ್ಟು ಬೆಂಕಿ ಹಾಕ!"

ಎಲ್ಲರೂ ಗ್ಲಾಸನ್ನು ಓರೆ ಮಾಡಿ ಮೊದಲ ಹನಿಗಳನ್ನು ಸಿಮೆಂಟು ನೆಲಕ್ಕೆ ಬಿಟ್ಟರು. "ದೇವರು ಕ್ಷಮಿಸಲಿ," ಎಂದರು. ಆಮೇಲೆ ಸದ್ದಿಲ್ಲದೆ ಕುಡಿದರು.

"ಕ್ರುಮ್‌ಗೆ ಆಗದವರು ಯಾರಿದ್ರು?" ಬಾರೋವ್ ಕೇಳಿದ.

"ತಂಡದೊಳಗೆ ಯಾರೂ ಇಲ್ಲ," ಎಂದ ದೆಲ್ಯಾನ್. "ಮಾತಿಗೆ ಮಾತು ಬಂದಿತ್ತು, ಅಷ್ಟೆ. ಜರ್ಮನಿಯ ದೊಡ್ಡ ತಂಡ ಒಂದು ನಮ್ಮನ್ನ ಸೇರಿಸ್ಕೋತೀವಿ ಅಂತು. ಇಲ್ಲಿ ಎಲ್ರೂ ಒಪ್ಪಿ ಕೈ ಎತ್ಬೇಕು, ಒಂದು ಕೈ ಏಳ್ದಿದ್ರೂ ಆ ಕೆಲ್ಸ ಆಗಲ್ಲ. ಕ್ರುಮ್ ಕೈ ಎತ್ಲಿಲ್ಲ. ಅದು ಅವನ ಹಕ್ಕು."

"ಅಣ್ಣ, ಪಟ್ಟಿ ಕೊಯ್ದಿದ್ದಾರಲ್ಲ," ಗಾನ್ಚೋ ಮೆಲ್ಲಗೆ ಹೇಳಿದ. "ತೋಳವನ್ನ ನೆಲಕ್ಕೆ ತಾಗ್ಸೋ ಹಾಗಿಲ್ಲ, ಸುಡೋ ಹಾಗಿಲ್ಲ. ಅಂಥಾದ್ದಕ್ಕೆ ನಮ್ಮೋರು ಚಾಕು ಹಾಕ್ತಾರಾ? ಹೋದ್ ವರ್ಷ ಕ್ರುಮ್ ಯಾರ ಪಟ್ಟಿ ಕಿತ್ತ, ನೆನಪು ಮಾಡ್ಕೊಳ್ಳಿ."

ಎಲ್ಲರಿಗೂ ನೆನಪಿತ್ತು. ತಂಡದಿಂದ ಹೊರಹಾಕಿದ ಸ್ತಾಮೆನ್‌ನ ಪಟ್ಟಿ.

"ಕೊಲೆಯಾದ ದಿನ ನೀವೆಲ್ಲ ಎಲ್ಲಿದ್ರಿ?" ಬಾರೋವ್ ಕೇಳಿದ.

"ಇಲ್ಲೇ. ತಂಡದ ಹುಟ್ಟುಹಬ್ಬ," ಎಂದ ದೆಲ್ಯಾನ್. "ಸಂಜೇದು ವಿಡಿಯೋ ಇದೆ, ತಗೊಂಡ್ ಹೋಗು."

"ನಾನು ಮಧ್ಯಾಹ್ನದಿಂದ ಹಿತ್ತಲಲ್ಲಿ ಕೆಂಡದ ಮುಂದೆ ಕೂತು ಕುರಿಮರಿ ತಿರುಗಿಸ್ತಿದ್ದೆ," ಎಂದ ಗಾನ್ಚೋ. "ಮುಖ ಎಲ್ಲ ಬೆಂದ್ಹೋಗಿತ್ತು."

* * *

ಸ್ತಾಮೆನ್ ಈಗ ಮಾರುಕಟ್ಟೆಯ ಬಳಿ ವ್ಯಾನಿನಲ್ಲಿ ಬ್ರೆಡ್ಡು ಮಾರುತ್ತಿದ್ದ. ಏನನ್ನೂ ಮುಚ್ಚಿಡಲಿಲ್ಲ.

"ಕುಡ್ದು ಬೈಕ್ ಓಡ್ಸಿ ಒಬ್ಬ ಅಜ್ಜಿಗೆ ಗುದ್ದಿದೆ. ಕಾಲು ಮುರೀತು. ಕ್ರುಮ್ ನನ್ನ ಪಟ್ಟಿ ಕಿತ್ತ. ಸರಿಯಾಗೇ ಮಾಡ್ದ."

"ಅವನು ಸತ್ತ ದಿನ ಎಲ್ಲಿದ್ದೆ?" ಬಾರೋವ್ ಕೇಳಿದ.

"ಮಧ್ಯಾಹ್ನ ವ್ಯಾಪಾರ ಮುಗ್ಸಿ ಮಲಗ್ದೆ. ಬ್ರೆಡ್ ಮಾರೋನು ಕೋಳಿಗಿಂತ ಮುಂಚೆ ಏಳ್ಬೇಕು."

"ನೋಡ್ದೋರು?"

"ಬೆಕ್ಕು."

ಬಾರೋವ್ ನಗಲಿಲ್ಲ. ಕಾರಿನತ್ತ ಹೊರಟ. ಸ್ತಾಮೆನ್ ಚೀಸು ತುಂಬಿದ, ಪದರ ಪದರದ ಬಿಸಿ ಬಾನಿತ್ಸಾ ಒಂದನ್ನು ಕಾಗದದಲ್ಲಿ ಸುತ್ತಿ ರಾಲಿತ್ಸಾಗೆ ಕೊಟ್ಟ.

"ಮಗಳೇ, ನನ್ನ ಹೆಸ್ರು ನಿಮ್ಮ ಟೀವೀಲಿ ಬಂದ್ರೆ ಆ ತಂಡದೋರು ಕೋರ್ಟಿಗೆಲ್ಲ ಕಾಯಲ್ಲ. ಅವತ್ತೇ ಮುಗಿಸ್ತಾರೆ. ಗೊತ್ತಲ್ವಾ?"

ಗೊತ್ತಿತ್ತು. ಅವಳು ಕಾಗದದ ಮೇಲೆ ಹರಡುತ್ತಿದ್ದ ಬೆಣ್ಣೆಯ ಕಲೆಯನ್ನು ನೋಡಿದಳು. ತಲೆಯಾಡಿಸಿ ಹೊರಟುಬಂದಳು.

"ಇವನೇ," ಎಂದ ಬಾರೋವ್ ಕಾರಿನಲ್ಲಿ. "ಸೇಡು. ಕಿತ್ತ ಪಟ್ಟಿಗೆ ಕಿತ್ತ ಪಟ್ಟಿ. ಇವತ್ತೇ ಬರೆದುಬಿಡು."

ಅವಳಿಗೂ ಬೇರೆ ದಾರಿ ಕಾಣಲಿಲ್ಲ. ಬರೆದಳು. ಚೆನ್ನಾಗಿಯೇ ಬರೆದಳು.

* * *

ನೇರಪ್ರಸಾರದ ಸಂಜೆ. ಒಂದೆರಡು ಪ್ರಶ್ನೆ ಕೇಳುತ್ತೇವೆಂದು ಸ್ತಾಮೆನ್‌ನನ್ನು ಕರೆಸಿ ಮೇಕಪ್ಪಿನ ಕೋಣೆಯಲ್ಲಿ ಕೂರಿಸಿದ್ದರು. ಬಾಗಿಲ ಹೊರಗೆ ಒಬ್ಬ ಇನ್‌ಸ್ಪೆಕ್ಟರ್. ಕೈಕೋಳ ಕ್ಯಾಮೆರಾದ ಮುಂದೆಯೇ ಬೀಳಬೇಕೆಂದು ಬಾರೋವ್ ಮೊದಲೇ ಮಾತಾಡಿಕೊಂಡಿದ್ದ. ದೆಲ್ಯಾನ್, ಗಾನ್ಚೋ ಮುಂದಿನ ಸಾಲಿನ ಅತಿಥಿಗಳು.

ಹುಟ್ಟುಹಬ್ಬದ ವಿಡಿಯೋದಿಂದ ಒಂದು ತುಣುಕು ಬೇಕಿತ್ತು. ರಾಲಿತ್ಸಾ ಕೊನೆಯ ಗಳಿಗೆಯಲ್ಲಿ ಅದನ್ನು ಹುಡುಕುತ್ತ ಕೂತಿದ್ದಳು.

ಪರದೆಯ ಮೇಲೆ ಗದ್ದಲ, ಹಾಡು. ಯಾರೋ ಕೂಗಿದ: "ಲೋ ಗಾನ್ಚೋ! ಕುರಿ ಒಂದ್ ಮಗ್ಗುಲು ಇದ್ದಿಲು, ಇನ್ನೊಂದ್ ಮಗ್ಗುಲು ಹಸೀ! ಎಲ್ಲಿ ಬಿದ್ಕೊಂಡಿದ್ದೆ?" ಎಲ್ಲರೂ ನಕ್ಕರು. ಆಮೇಲೆ ದೆಲ್ಯಾನ್ ಗ್ಲಾಸೆತ್ತಿದ. "ಕ್ರುಮ್ ಇನ್ನೂ ಬಂದಿಲ್ಲ. ಬಂದೇ ಬರ್ತಾನೆ ಕತ್ತೆ. ಅವನ ಆರೋಗ್ಯಕ್ಕೆ!"

ಟಣ್, ಟಣ್, ಟಣ್.

ಚಿತ್ರದ ಅಂಚಿನಲ್ಲಿ ಗಾನ್ಚೋ. ಅವನ ಗ್ಲಾಸು ಯಾರ ಗ್ಲಾಸಿಗೂ ತಾಗಲಿಲ್ಲ. ಅದು ನಿಧಾನವಾಗಿ ಓರೆಯಾಯಿತು. ಕಪ್ಪನೆಯ ಹನಿಗಳು ನೆಲಕ್ಕೆ ಬಿದ್ದವು. ಅವನ ತುಟಿ ಅಲುಗಿತು. ಆಮೇಲೆ ಕುಡಿದ.

ರಾಲಿತ್ಸಾ ಹಿಂದಕ್ಕೆ ಓಡಿಸಿ ನೋಡಿದಳು. ಅದಕ್ಕೆ ಮೊದಲು ಯಾರ ಹೆಸರಲ್ಲಿ ಕುಡಿದಾಗಲೂ ಗಾನ್ಚೋ ಗ್ಲಾಸು ಒಡೆಯುವಷ್ಟು ಜೋರಾಗಿ ತಾಗಿಸಿದ್ದ. ಕ್ರುಮ್‌ನ ಹೆಸರಿಗೆ ಮಾತ್ರ ಇಲ್ಲ.

ಓಡಿದಳು. ಬಾರೋವ್ ಆಗಲೇ ದೀಪಗಳ ನಡುವೆ ನಿಂತಿದ್ದ.

"ಸರ್... ಆ ವಿಡಿಯೋದಲ್ಲಿ..."

"ಆಮೇಲೆ ಪುಟ್ಟಾ, ಆಮೇಲೆ. ಬೆವರು ಬಂದ್ರೆ ಪೌಡರ್ ಇಳಿಯತ್ತೆ. ಹೋಗು, ನಿನ್ನ ಜಾಗದಲ್ಲಿ ಕೂತ್ಕೋ."

ಹೋಗಿ ಕೂತಳು.

* * *

ಬಾರೋವ್ ಎಂದಿನಂತೆ ಓದುತ್ತ ಹೋದ. ಉಪ್ಪಿನ ಗದ್ದೆ, ಬೂಟು, ಸುಲಿದ ಚರ್ಮದಂಥ ಜಾಕೆಟ್ಟು. ಅಕ್ಷರಗಳು ಮೇಲೇರುತ್ತಿದ್ದವು. ಸ್ತಾಮೆನ್‌ನ ಹೆಸರು ಇನ್ನೆರಡು ಸಾಲು ಕೆಳಗಿತ್ತು.

ರಾಲಿತ್ಸಾ ಆ ಸಾಲುಗಳನ್ನು ಅಳಿಸಿದಳು. ಟೈಪ್ ಮಾಡತೊಡಗಿದಳು.

"ಈ ಕೊಲೆ ಮಾಡಿದವನ ಹೆಸರು..." ಬಾರೋವ್ ತಡೆದ. ಗಾಜಿನ ಮೇಲೆ ಕಣ್ಣು ಕಿರಿದಾಯಿತು. ನೋಡುವವರು ಉಸಿರು ಹಿಡಿದರು. "...ಹೇಳುವ ಮೊದಲು, ಒಂದು ದೃಶ್ಯ ನೋಡೋಣ."

ರಾಲಿತ್ಸಾ ಆ ತುಣುಕನ್ನು ಹರಿಯಬಿಟ್ಟಳು. ದೊಡ್ಡ ಪರದೆಯ ಮೇಲೆ ಗ್ಲಾಸುಗಳು ತಾಗಿದವು. ಅಂಚಿನಲ್ಲಿ ಹನಿಗಳು ಬಿದ್ದವು. ಅಲ್ಲಿದ್ದವರಿಗೆ ವಿವರಿಸುವ ಅಗತ್ಯವೇ ಬೀಳಲಿಲ್ಲ. ಹಿಂದಿನ ಸಾಲಿನ ಹೆಂಗಸೊಬ್ಬಳು ಶಿಲುಬೆಯ ಗುರುತು ಮಾಡಿಕೊಂಡಳು. ದೆಲ್ಯಾನ್ ತನ್ನ ಕುರ್ಚಿಯಿಂದ ಎದ್ದ.

ಬಾರೋವ್ ಹಳೆಯ ಪೊಲೀಸು. ಒಂದು ಕ್ಷಣದಲ್ಲಿ ಅವನಿಗೂ ಅರ್ಥವಾಯಿತು. ದನಿ ಗಟ್ಟಿಯಾಯಿತು. ಓದಿದ.

"ಆಗ ಕ್ರುಮ್ ಸತ್ತದ್ದು ಯಾರಿಗೂ ಗೊತ್ತಿರಲಿಲ್ಲ. ಎಲ್ಲರೂ ಬದುಕಿರುವ ಗೆಳೆಯನಿಗೆಂದು ಗ್ಲಾಸು ತಾಗಿಸಿದರು. ಒಬ್ಬನ ಕೈ ಮಾತ್ರ ಸತ್ತವನಿಗೆಂದು ಹನಿ ಬಿಟ್ಟಿತು. ಹುಟ್ಟಿದಾಗಿನಿಂದ ಕಲಿತ ಕೈ ಅದು, ಯಜಮಾನನನ್ನು ಕೇಳಲಿಲ್ಲ."

"ಚೆಲ್ಲಿತು, ಅಷ್ಟೆ!" ಗಾನ್ಚೋ ನಕ್ಕ. "ಕುಡಿದಿದ್ದೆ. ಏನ್ ಸಾವಾ ಅಣ್ಣ, ವೈನ್ ಚೆಲ್ಲಿದ್ರೆ ಜೈಲಾ?"

"ಮಧ್ಯಾಹ್ನದಿಂದ ಕುರಿಮರಿ ತಿರುಗಿಸುತ್ತಿದ್ದೆ ಎಂದಿರಿ. ತಿರುಗಿಸುವವನು ಅಲ್ಲೇ ಇದ್ದಿದ್ದರೆ ಅದರ ಒಂದು ಮಗ್ಗುಲು ಯಾಕೆ ಇದ್ದಿಲಾಯಿತು?"

ಗಾನ್ಚೋನ ನಗು ನಿಂತಿತು. ಅಕ್ಷರಗಳು ಮೇಲೇರಿದವು.

"ಇನ್ನು ಪಟ್ಟಿ. ಸ್ತಾಮೆನ್‌ನ ಮೇಲೆ ಅನುಮಾನ ಬರಲಿ ಎಂದು ಅದನ್ನು ಕೊಯ್ದದ್ದು. ಹೊರಗಿನವನಾಗಿದ್ದರೆ ಅದನ್ನು ಉಪ್ಪುನೀರಿಗೆ ಎಸೆದು ಹೋಗುತ್ತಿದ್ದ. ತಂಡದವನು ತೋಳವನ್ನು ಎಸೆಯಲಾರ, ಸುಡಲಾರ. ಶೆಡ್ಡಿನಲ್ಲಿಟ್ಟರೆ ಗೆಳೆಯರ ಕಣ್ಣು, ಮನೆಯಲ್ಲಿಟ್ಟರೆ ಹೆಂಡತಿಯ ಕಣ್ಣು. ಬೇರೆ ಯಾರೂ ಕೈಹಾಕದ ಜಾಗ ಅವನಿಗೆ ಒಂದೇ ಒಂದು."

ಅಲ್ಲಿಗೆ ಸಾಲುಗಳು ಮುಗಿದವು. ರಾಲಿತ್ಸಾಗೂ ಅದರಾಚೆ ಖಚಿತವಿರಲಿಲ್ಲ.

"ನಿನ್ನ ಬೈಕ್ ಹೊರಗಿದೆಯಲ್ಲ," ದೆಲ್ಯಾನ್ ಹೇಳಿದ. "ಸೀಟು ಎತ್ತು."

"ಅಣ್ಣ, ಬೈಕ್ ಮುಟ್ಬೇಡಿ."

"ನಾನ್ಯಾಕೆ ಮುಟ್ಲಿ? ನೀನೇ ಎತ್ತು."

ಕ್ಯಾಮೆರಾ ಹಿಂದೆಯೇ ಹೋಯಿತು. ಮೇಕಪ್ಪಿನ ಕೋಣೆಯ ಬಾಗಿಲಲ್ಲಿದ್ದ ಇನ್‌ಸ್ಪೆಕ್ಟರೂ ಹೋದ. ಸ್ಟುಡಿಯೋದ ಅಂಗಳದಲ್ಲಿ ಗಾನ್ಚೋ ತನ್ನ ಬೈಕಿನ ಬಳಿ ಹೋದ. ಆಮೇಲೆ ಬಗ್ಗಿ ಸೀಟೆತ್ತಿದ. ಒಗೆದ ಬಿಳಿ ಟವೆಲ್ಲಿನಲ್ಲಿ ಮಡಿಸಿಟ್ಟ ತೋಳ. ನೆಲಕ್ಕೆ ತಾಗದಂತೆ ಅದನ್ನು ಎರಡೂ ಕೈಯಲ್ಲಿ ಹಿಡಿದು ದೆಲ್ಯಾನ್‌ನ ಕೈಗೆ ಕೊಟ್ಟ.

"ಒಂದು ಕೈ ಅಣ್ಣ," ಎಂದ. "ಜರ್ಮನಿಯೋರು ಇಲ್ಲಿ ನನ್ನನ್ನೇ ಮುಖ್ಯಸ್ಥ ಮಾಡ್ತೀವಿ ಅಂದಿದ್ರು. ಅವನೊಬ್ಬ ಕೈ ಎತ್ತಿದ್ರೆ ಆಗ್ತಿತ್ತು. ಕೇಳ್ಕೊಳ್ಳೋಕೇ ಅವನನ್ನ ಉಪ್ಪಿನ ಗದ್ದೆಗೆ ಕರೆದಿದ್ದೆ. ನಕ್ಕು ತಿರುಗಿ ಹೊರಟ. ನನ್ನ ಕೈಲಿ ಸ್ಪ್ಯಾನರ್ ಇತ್ತು."

ಕೈಕೋಳ ಕ್ಯಾಮೆರಾದ ಮುಂದೆಯೇ ಬಿತ್ತು.

* * *

ದೀಪಗಳು ಆರಿದ ಮೇಲೆ ಬಾರೋವ್ ಬಂದು ರಾಲಿತ್ಸಾಳ ತಲೆ ನೇವರಿಸಿದ. "ಗಟ್ಟಿಗಿತ್ತಿ! ಹೃದಯ ನಿಂತೇ ಹೋಗಿತ್ತು ಕಣೇ. ಮುಂದಿನ ಸಲ ಮೊದಲೇ ಹೇಳು."

ಕಾರಿಡಾರಿನಲ್ಲಿ ಸ್ತಾಮೆನ್ ನಿಂತಿದ್ದ. ಮುಖದ ಅರ್ಧಕ್ಕೆ ಮಾತ್ರ ಪೌಡರು. ಒಳಗಿನ ಟೀವಿಯಲ್ಲಿ ಎಲ್ಲವನ್ನೂ ನೋಡಿದ್ದ.

"ಆ ಇನ್‌ಸ್ಪೆಕ್ಟರ್ ಯಾಕೆ ನನ್ನ ಬಾಗಿಲು ಕಾಯ್ತಿದ್ದ?" ಎಂದ. "ನನ್ನ ಹೆಸ್ರು ಹೇಳೋದಕ್ಕಿತ್ತಾ?"

"ಛೆ ಛೆ, ಸ್ತಾಮೆನ್!" ಬಾರೋವ್ ಅವನ ಹೆಗಲ ಮೇಲೆ ಕೈಹಾಕಿದ. "ನನಗೆ ಮೊದಲಿಂದಲೂ ಗಾನ್ಚೋ ಮೇಲೇ ಕಣ್ಣು. ಅವನು ಮೈಮರೀಲಿ ಅಂತ ನಿನ್ನನ್ನ ಹಾಗೆ ಕೂರಿಸಿದ್ವಿ. ಒಂದು ಸಣ್ಣ ನಾಟಕ, ಅಷ್ಟೆ."

ಸ್ತಾಮೆನ್‌ಗೆ ಅದನ್ನು ನಂಬುವ ಆಸೆಯಿತ್ತು. ಮುಖ ಸಡಿಲವಾಗತೊಡಗಿತು. ರಾಲಿತ್ಸಾಳ ಕಡೆ ತಿರುಗಿದ.

"ಹೌದಾ ಮಗಳೇ?"

ಬಾರೋವ್ ಅವಳನ್ನೇ ನೋಡುತ್ತಿದ್ದ. ಸುಮ್ಮನೆ ತಲೆಯಾಡಿಸಿದರೆ ಸಾಕಿತ್ತು. ಮೂವರೂ ಮನೆಗೆ ಹೋಗಬಹುದಿತ್ತು.

"ಅಲ್ಲ," ಎಂದಳು ರಾಲಿತ್ಸಾ. ದನಿ ತೀರಾ ಸಣ್ಣದಾಗಿತ್ತು, ಅದಕ್ಕೇ ಇನ್ನೊಮ್ಮೆ ಹೇಳಿದಳು. "ಅಲ್ಲ. ಕಾರ್ಯಕ್ರಮ ಶುರುವಾಗೋವರೆಗೂ ನೀವೇ ಕೊಂದಿದ್ದು ಅಂತ ನಾವು ನಂಬಿದ್ವಿ. ಹಾಗಂತ ಬರೆದಿದ್ದು ನಾನು."