ಸಂಜೆ ನಾಲ್ಕರ ಪಾಳಿ

"ಹಸಿ ಶುಂಠಿ ಐತಿ, ಬಾಯಾಗ ಇಟ್ಕೊಳ್ರಿ. ವಾಂತಿ ನಿಲ್ತೈತಿ."

ಡೆಕ್ಕಿನ ಕಂಬಿ ಹಿಡಿದು ಬಾಗಿ ನಿಂತಿದ್ದ ನೀಲಮ ಆ ಕೈಯನ್ನು ದೂರ ತಳ್ಳಿದಳು. ಶುಂಠಿ ಸಮುದ್ರದ ಪಾಲಾಯಿತು.

"ಅಬ್ಬಬ್ಬಾ! ಶಿರಗುಪ್ಪಿ ಊರವರಿಗೆ ಇಷ್ಟ ಸೊಕ್ಕೇನ್ರಿ?"

"ಸೊಕ್ಕಲ್ಲ... ನಾವು ಜೈನರು. ನೆಲದೊಳಗ ಬೆಳೆಯೂ ಗಡ್ಡಿ ತಿನ್ನಾಂಗಿಲ್ಲ."

ಶುಂಠಿ ಕೊಡಬಂದ ದುಂಡೇಶನ ಮುಖ ಸಣ್ಣದಾಯಿತು. ಕೊಕಟನೂರಿನ ಕುರಿಗಾರರ ಮನೆಯ ಹುಡುಗ. ಈ ತರಬೇತಿ ಹಡಗಿನಲ್ಲಿ ಅವಳ ಊರ ಕಡೆಯವನು ಅವನೊಬ್ಬನೇ.

ಹಡಗು ಹತ್ತಿ ಆರು ದಿನ. ಅಲೆಗಳು ಒಂದು ದಿನವೂ ಸುಮ್ಮನಾಗಿರಲಿಲ್ಲ. ಕೊಚ್ಚಿ ತಲುಪುವುದರೊಳಗೆ ನೆಟ್ಟಗೆ ಪಾಳಿ ನಿಲ್ಲದಿದ್ದರೆ ಅವಳನ್ನು ಅಲ್ಲೇ ಇಳಿಸಿ ಮನೆಗೆ ಕಳಿಸುವುದಾಗಿ ಚೀಫ್ ಆಫೀಸರ್ ಹೇಳಿದ್ದರು. ಇನ್ನು ನಾಲ್ಕೇ ದಿನ!

ಸಂಜೆ ನಾಲ್ಕರಿಂದ ಎಂಟು, ಮತ್ತೆ ನಸುಕಿನ ನಾಲ್ಕರಿಂದ ಎಂಟು ಅವಳ ಪಾಳಿ. ಸಂಜೆಯ ಪಾಳಿ ಮುಗಿಸಿ ಮೆಸ್ಸಿಗೆ ಹೋಗುವಷ್ಟರಲ್ಲಿ ಸೂರ್ಯ ಮುಳುಗಿರುತ್ತಿದ್ದ. ಹೊತ್ತು ಮುಳುಗಿದ ಮೇಲೆ ಉಣ್ಣದ ಅವಳು ತಟ್ಟೆ ಮುಟ್ಟದೆ ಎದ್ದು ಬರುತ್ತಿದ್ದಳು. ಬೇಗ ಊಟ ಕೊಡಿ ಎಂದು ಯಾರನ್ನೂ ಕೇಳಿರಲಿಲ್ಲ. ಅವಳ ಮನೆಯಲ್ಲಿ ಅದನ್ನು ಯಾರೂ ಕೇಳಬೇಕಾಗಿರಲಿಲ್ಲ.

ಮರುದಿನ ಪಾಳಿ ಪಟ್ಟಿಯಲ್ಲಿ ಅವಳ ಹೆಸರಿಗೆ ಗೀಟು ಬಿದ್ದಿತ್ತು. ಆ ಜಾಗದಲ್ಲಿ ದುಂಡೇಶ! ಬೆಳಿಗ್ಗೆ ಅವನು ಆಫೀಸರ ಕೋಣೆಯಿಂದ ಹೊರಬಂದದ್ದನ್ನು ಅವಳೇ ಕಂಡಿದ್ದಳು.

'ನನ್ನ ಕೈಲಾಗೂದಿಲ್ಲ ಅಂತ ಹೇಳಿ ಬಂದನಾ...?'

ಅವನನ್ನು ಡೆಕ್ಕಿನಲ್ಲಿ ತಡೆದು ಕೇಳಿದಳು, "ಚಾಡಿ ಹೇಳಿ ನನ್ನ ಹೆಸರ ತೆಗಿಸಿದ್ರಿ ಹೌದಿಲ್ಲೋ? ಒಂದ ತುಂಡ ಶುಂಠಿಗೆ ಇಷ್ಟ ಸೇಡಾ?"

"ಪಟ್ಟಿಯ ಕೆಳಗಿನ ಸಾಲ ಓದೀರೇನು?"

ಅವಳು ಓದಿರಲಿಲ್ಲ.

"ಮುಂಜಾನೆ, ರಾತ್ರಿ ಎಂಟರಿಂದ ಹನ್ನೆರಡರ ಪಾಳಿ ನಂದಿತ್ತು. ಅದನ್ನ ನಿಮಗ ಕೊಟ್ಟ ನಿಮ್ಮದ ನಾ ತಗೊಂಡೀನಿ. ಅಥಣ್ಯಾಗ ನಾವು ಹಾಲ ಹಾಕೂ ಮನಿ ಜೈನರದು. ಹೊತ್ತ ಮುಳುಗಿದ ಮ್ಯಾಲೆ ಅಲ್ಲಿ ಒಲಿ ಉರಿಯೂದಿಲ್ಲ. ನೀವು ಸೋಲಾಕತ್ತಿದ್ದು ಸಮುದ್ರಕ್ಕಲ್ರಿ, ಖಾಲಿ ಹೊಟ್ಟಿಗೆ. ಮೆಸ್ಸಿನವರಿಗೆ ಹೇಳೀನಿ, ಇವತ್ತಿಂದ ಐದೂವರಿಗೆ ನಿಮ್ಮ ಚಪಾತಿ ತಯಾರ ಇರ್ತಾವು."

"ನಸುಕಿನ ನಾಲ್ಕರ ಪಾಳೀನೂ ನಿಮಗ ಬಂತಲ್ಲ..."

"ಕುರಿ ಕಾಯೂ ಮಂದಿಗೆ ನಸುಕ ಹೊಸಾದೇನ್ರಿ?"

ಅವಳಿಗೆ ಅಳು ಬಂತು. ಬಹಳ ದಿನಗಳ ಮೇಲೆ ಯಾರೋ ತನ್ನ ಹಸಿವನ್ನು ಗಮನಿಸಿದ್ದರು.

ಮೂರು ದಿನ ಹೊತ್ತಿಗೆ ಸರಿಯಾಗಿ ಉಂಡಳು. ಕಾಲಗಲಿಸಿ, ದಿಗಂತದಿಂದ ಕಣ್ಣು ಕೀಳದೆ ನಿಂತಳು. ನಾಲ್ಕನೆಯ ಬೆಳಿಗ್ಗೆ ಹಡಗು ಹೊಯ್ದಾಡುತ್ತಿದ್ದರೂ ನಾಲ್ಕು ತಾಸು ಪಾಳಿ ಮುಗಿಸಿದಳು. ಆಫೀಸರ್ ಅವಳ ತರಬೇತಿ ಪುಸ್ತಕಕ್ಕೆ ಸಹಿ ಹಾಕಿದರು. ಕೊಚ್ಚಿಯಲ್ಲಿ ಇಳಿಯಬೇಕಿಲ್ಲ!

ಸಂಜೆ ಅವನ ಪಾಳಿಯ ಜಾಗಕ್ಕೆ ಓಡಿದಳು.

"ಸಹಿ ಆತು!"

ದುಂಡೇಶ ನಕ್ಕ. ಖುಷಿಗೆ ಅವನ ಕಣ್ಣು ತುಂಬಿತ್ತು.

"ಊಟ ಆತೇನ್ರಿ?"

"ಆತು. ಆದರ ಈ ಅದಲಿ ಬದಲಿಯೊಳಗ ನಾವಿಬ್ರೂ ಒಂದಿನಾನೂ ಕೂಡಿ ಉಂಡಿಲ್ಲ."

ಅವನು ಅಲೆಗಳ ಕಡೆ ನೋಡುತ್ತಲೇ ಮೆಲ್ಲಗೆ ಹೇಳಿದ, "ಊರಿಗೆ ಹೋದ ಮ್ಯಾಲೆ... ಹೊತ್ತ ಮುಳುಗೂದ್ರಾಗ ನಿಮ್ಮ ಜೋಡಿ ಕುಂತ ಉಣ್ಣೂ ಆಸೆ ಐತ್ರಿ. ದಿನಾ."

"ದಿನಾ ಅಂದ್ರ?"

"ಜೀವ ಇರೂ ತನಕ."

ನೀಲಮ ಕಂಬಿ ಬಿಟ್ಟು ಅವನ ತೋಳು ಹಿಡಿದಳು.

"ಹಂಗಾದ್ರ ನೀ ಲಗೂನ ಹಸಿಯೂದ ಕಲೀಬೇಕು."

"ಕಲೀತೀನಿ."