ಹಿಂದಕ್ಕೆ ತಿರುಗಿಸಿದ ಗಡಿಯಾರ

"ಕೈ ಅಂದ್ರ ಕೈ ಮಾರಾಯ, ಯಾರದಾದ್ರ ಏನು?"

ಮೋಟೆಬೆನ್ನೂರಿನಲ್ಲಿ ತನ್ನ ಹೊಸ ಖಾರಪುಡಿ ಕಾರ್ಖಾನೆಯ ಉದ್ಘಾಟನೆಯ ದಿನ ಜಾವೇದ ನಗುತ್ತಲೇ ಹೀಗಂದಾಗ ರಫೀಕ ಕೈಯಲ್ಲಿದ್ದ ಪೊಟ್ಟಣವನ್ನು ಮೇಜಿನ ಮೇಲಿಟ್ಟು ಹೊರಟುಬಂದ. ಜಾವೇದನ ಪೊಟ್ಟಣಗಳ ಮೇಲೆ ಮೆಣಸಿನಕಾಯಿ ಹಿಡಿದ ಒಂದು ಕೈ ಇತ್ತು. ಹಸಿರು ಬಳೆ, ಹೆಬ್ಬೆರಳ ಬುಡದಲ್ಲಿ ಸುಟ್ಟ ಕಲೆ. ಅದು ರಫೀಕನ ತಾಯಿ ಸಕೀನಾಬಿಯ ಕೈ. ಒಂಬತ್ತು ವರ್ಷದ ಹಿಂದೆ ಬ್ಯಾಡಗಿಯ ತನ್ನ ಡಿಟಿಪಿ ಅಂಗಡಿಯಲ್ಲಿ ಕುಳಿತು, ಬಾಲ್ಯದ ಗೆಳೆಯನಿಗೆಂದು ಅವನೇ ಬರೆದುಕೊಟ್ಟ ಚಿತ್ರ. ಈಗ ಜಾವೇದ ಅದನ್ನು ತನ್ನ ಹೆಸರಿಗೆ ನೋಂದಾಯಿಸಿಕೊಂಡು, ಇದು ನಮ್ಮ ಅತ್ತೆಯವರ ಕೈ, ಹುಬ್ಬಳ್ಳಿಯ ಕಲಾವಿದನಿಂದ ಬರೆಸಿದ್ದು ಎಂದು ಮೈಕಿನಲ್ಲಿ ಹೇಳಿದ್ದ.

ಅಮ್ಮಿ ತೀರಿಕೊಂಡು ಆರು ವರ್ಷ. ಜನ್ಮದಲ್ಲಿ ಒಂದು ಫೋಟೋಕ್ಕೂ ಮುಖ ಕೊಟ್ಟವಳಲ್ಲ. ಅವಳದೆಂದು ಉಳಿದದ್ದು ಆ ಕೈ ಒಂದೇ. ಆ ಕೈ ತಟ್ಟಿದ ರೊಟ್ಟಿ ತಿಂದೇ ಜಾವೇದನೂ ದೊಡ್ಡವನಾದದ್ದು. ಉಂಡ ಮನೆಯ ಜಂತಿ ಎಣಿಸುವುದು ಎಂದರೆ ಇದೇ ಅಲ್ಲವೇ? ರಫೀಕ ಹಾವೇರಿಯ ಬಸ್ ಹತ್ತಿದ.

ಹಾವೇರಿಯ ವಕೀಲ ಶೇಖಪ್ಪ ಎಲ್ಲ ಕೇಳಿಸಿಕೊಂಡರು. ಕೊನೆಗೆ, "ಖರೇ ಇದ್ದರ ಸಾಲಂಗಿಲ್ಲ ರಫೀಕ್. ಕೈಯಾಗ ಏನರ ಇರಬೇಕು," ಅಂದರು.

ಕೈಯಲ್ಲಿ ಏನೂ ಇರಲಿಲ್ಲ. ಕಂಪ್ಯೂಟರಿನಲ್ಲಿ ಜಾಗ ಸಾಲದೆಂದು ಆ ಫೈಲನ್ನು ಹಿಂದೆಯೇ ಅವನು ಅಳಿಸಿಬಿಟ್ಟಿದ್ದ. ಜಾವೇದನ ಹತ್ತಿರ ಒಂದು ಪ್ರತಿ ಇದೆಯಲ್ಲ, ಅವನ ಹತ್ತಿರ ಇದ್ದರೇನು ನನ್ನ ಹತ್ತಿರ ಇದ್ದರೇನು ಎಂಬ ನಂಬಿಕೆ. ಆ ನಂಬಿಕೆಯನ್ನು ನೆನೆಸಿಕೊಂಡಾಗಲೆಲ್ಲ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಗುತ್ತಿತ್ತು. ಇಲ್ಲದ ಸಾಕ್ಷಿಯನ್ನು ತಾನೇ ಹುಟ್ಟಿಸುತ್ತೇನೆ ಎಂದು ಅವನು ನಿಶ್ಚಯಿಸಿದ. ನಿಜವನ್ನೇ ಮತ್ತೊಮ್ಮೆ ಬರೆದರೆ ಅದು ಸುಳ್ಳು ಹೇಗಾದೀತು?

ಮನೆಯಲ್ಲಿ ಮೂರು ವಾರ ಹಾಳೆಯ ಮೇಲೆ ಅಮ್ಮಿಯ ಕೈ ಬರೆದು ಬರೆದು ರೂಢಿ ಮಾಡಿಕೊಂಡ. ತಾರೀಖನ್ನು ಅಳೆದು ಸುರಿದು ಆರಿಸಿದ: 2016ರ ಮಾರ್ಚ್ ಹದಿನಾಲ್ಕು, ಸೋಮವಾರ. ಅಂಗಡಿ ಮುಚ್ಚುವ ಶುಕ್ರವಾರವಲ್ಲ, ಯಾವ ಹಬ್ಬವೂ ಅಲ್ಲ. ಅಂಗಡಿಯಲ್ಲಿ ಅಂದಿನಿಂದ ಇಂದಿನವರೆಗೆ ಅದೇ ಒಂದು ಕಂಪ್ಯೂಟರ್ ಇದ್ದದ್ದು ಇನ್ನೂ ಅನುಕೂಲವಾಯಿತು. ಬಾಗಿಲು ಹಾಕಿದರೆ ಜನ ಮಾತಾಡುತ್ತಾರೆಂದು ಆಗಸ್ಟ್ ತಿಂಗಳ ಒಂದು ಮುಂಜಾನೆ ಎಂದಿನಂತೆ ಶಟರ್ ಎತ್ತಿ ಕುಳಿತ.

ಪರದೆಯ ಹಿಂದೆ ಸದ್ದಿಲ್ಲದೆ ನಡೆಯುವ ಸರ್ವಿಸ್‌ಗಳಲ್ಲಿ ಒಂದು, ಕಂಪ್ಯೂಟರಿನ ಗಡಿಯಾರವನ್ನು ತಾನಾಗಿಯೇ ಸರಿಪಡಿಸುತ್ತಿರುತ್ತದೆ. ಇನ್ನೊಂದು ಅಪ್‌ಡೇಟ್ ತಂದು ಹಾಕುತ್ತದೆ. ಎರಡನ್ನೂ ನಿಲ್ಲಿಸಿದ. ಗಡಿಯಾರವನ್ನು ಒಂಬತ್ತು ವರ್ಷ ಹಿಂದಕ್ಕೆ ತಿರುಗಿಸಿದ. ಹನ್ನೊಂದು ನಲವತ್ತಕ್ಕೆ ಬಳೆಯ ಹಸಿರು ತುಂಬಿ ಫೈಲನ್ನು ಸೇವ್ ಮಾಡಿದ. ಮಧ್ಯಾಹ್ನದ ಊಟಕ್ಕೆ ಏಳುವಷ್ಟರಲ್ಲಿ ಗಡಿಯಾರ ಈ ವರ್ಷಕ್ಕೆ ಮರಳಿತ್ತು.

ಆದರೆ ಅಪ್‌ಡೇಟ್ ಮರಳಲಿಲ್ಲ. ಸರ್ವಿಸ್ ಚಾಲೂ ಮಾಡಿದರೆ ಅರೆ ನಿಮಿಷ ನಡೆದು ತಾನೇ ಬಂದ್ ಆಗುತ್ತಿತ್ತು. ಹೇಗೋ ಎಳೆದು ನಡೆಸಿದರೆ ನೂರಕ್ಕೆ ಇಪ್ಪತ್ತರಲ್ಲಿ ಅಪ್‌ಡೇಟ್ ಕುಂತುಬಿಡುತ್ತಿತ್ತು, ಹಟಮಾರಿ ಎಮ್ಮೆಯ ಹಾಗೆ. ಬೇರೆಯವನಾಗಿದ್ದರೆ ಹೆದರುತ್ತಿದ್ದ. ರಫೀಕನಿಗೆ ಖುಷಿಯಾಯಿತು. ಗಡಿಯಾರ ಮುಟ್ಟಿದ ಸಂಗತಿಯನ್ನು ಕಂಪ್ಯೂಟರ್ ತನ್ನ ದಾಖಲೆಯಲ್ಲಿ ಬರೆದುಕೊಂಡಿರುತ್ತದೆ. ಅದನ್ನು ಅಳಿಸಲು ಒಂದು ಕಾರಣ ಬೇಕಿತ್ತು. ಕಳ್ಳನಿಗೊಂದು ಪಿಳ್ಳೆ ನೆವ ಅನ್ನುತ್ತಾರಲ್ಲ, ಕೆಟ್ಟುಕೂತ ಅಪ್‌ಡೇಟೇ ಅವನಿಗೆ ನೆವವಾಯಿತು. ಪರದೆಯ ಮೇಲೆ ಬಂದ ತಪ್ಪಿನ ಸೂಚನೆಯ ಫೋಟೋ ತೆಗೆದಿಟ್ಟುಕೊಂಡ. ಸರ್ವಿಸ್ ನಿಲ್ಲಿಸಿ, ಅರ್ಧಂಬರ್ಧ ಇಳಿದಿದ್ದ ಅಪ್‌ಡೇಟ್ ತುಣುಕುಗಳನ್ನೆಲ್ಲ ಅಳಿಸಿ, ಅದರ ಜೊತೆಗೇ ದಾಖಲೆಯನ್ನೂ ಸ್ವಚ್ಛ ಮಾಡಿ, ಮತ್ತೆ ಚಾಲೂ ಮಾಡಿದ. ಯಾರಾದರೂ ಕೇಳಿದರೆ, ಅಪ್‌ಡೇಟ್ ಕೆಟ್ಟಿತ್ತು, ರಿಪೇರಿ ಮಾಡಿದೆ ಎಂದರಾಯಿತು. ಎರಡನೇ ದಿನ ಸಂಜೆ ಅಪ್‌ಡೇಟ್ ನೂರು ಮುಟ್ಟಿದಾಗ, ಕೆಲಸ ಅಂದರೆ ಇದು ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡ.

ಆ ಫೈಲಿನ ಬಲದ ಮೇಲೆ ಶೇಖಪ್ಪ ದಾವೆ ಹೂಡಿದರು. ಡಿಸೆಂಬರಿನಲ್ಲಿ ಕೋರ್ಟು ನೇಮಿಸಿದ ಕಂಪ್ಯೂಟರ್ ಪರೀಕ್ಷಕಿ ಅರುಣಾ ಅಂಗಡಿಗೆ ಬಂದಳು. ಜಾವೇದನೂ ಬಂದಿದ್ದ. ಪರದೆಯ ಮೇಲೆ ಆ ಕೈ ಮೂಡಿ, ಪಕ್ಕದಲ್ಲಿ 2016ರ ತಾರೀಖು ಕಾಣುತ್ತಲೇ ಅವನ ಮುಖ ಕಪ್ಪಿಟ್ಟಿತು. ದಾಖಲೆ ಯಾಕೆ ಖಾಲಿ ಎಂದು ಅರುಣಾ ಕೇಳಿದ್ದಕ್ಕೆ ರಫೀಕ ಫೋಟೋ ತೋರಿಸಿದ. ಅವಳು ತಲೆಯಾಡಿಸಿ ಬರೆದುಕೊಂಡಳು. ಜಾವೇದ ಅವನನ್ನು ಬಾಗಿಲ ಹೊರಗೆ ಕರೆದು, ದನಿ ತಗ್ಗಿಸಿ, "ಕೋರ್ಟ್ ಕಚೇರಿ ಯಾಕ ರಫೀಕ್? ಅಮ್ಮಿ ಹೆಸರು ಪೊಟ್ಟಣದ ಮ್ಯಾಲ ಹಾಕಸ್ತೇನಿ. ಇಲ್ಲಿಗೇ ಬಿಡು," ಅಂದ.

ಉದ್ಘಾಟನೆಯ ದಿನವೇ ಈ ಮಾತು ಬಂದಿದ್ದರೆ ರಫೀಕ ಅವನನ್ನು ತಬ್ಬಿಕೊಂಡು ಅತ್ತುಬಿಡುತ್ತಿದ್ದ. ಈಗ ಅವನಿಗೆ ಅಷ್ಟು ಸಾಲಲಿಲ್ಲ. ಮೈಕಿನಲ್ಲಿ ಆಡಿದ ಸುಳ್ಳನ್ನು ಕಟಕಟೆಯಲ್ಲಿ ನಿಂತು ನುಂಗಬೇಕು, ಊರೆಲ್ಲ ನೋಡಬೇಕು.

"ಜಡ್ಜ್ ಸಾಹೇಬರ ಮುಂದ ಹೇಳು," ಅಂದು ಒಳಗೆ ಬಂದ.

ಅರುಣಾ ಬ್ಯಾಗಿನ ಜಿಪ್ ಎಳೆಯುವ ಮೊದಲು, ವರದಿಗೆ ಇರಲಿ ಎಂದು, ಆ ದಿನ ಕಂಪ್ಯೂಟರಿನಲ್ಲಿ ಇನ್ನೇನೇನು ಕೆಲಸ ಆಗಿತ್ತೆಂದು ಪಟ್ಟಿ ತೆಗೆದಳು. ಮಾರ್ಚ್ ಹದಿನಾಲ್ಕರಂದು ಸೇವ್ ಆದದ್ದು ಒಂದು ಫೈಲಲ್ಲ, ಎರಡು. ಆಗಸ್ಟಿನ ಆ ಮುಂಜಾನೆ, ಗಡಿಯಾರ ತಿರುಗಿಸಿ ಇನ್ನೂ ಐದು ನಿಮಿಷವಾಗಿರಲಿಲ್ಲ, ಪಕ್ಕದ ಓಣಿಯ ಬಸವಣ್ಣೆವ್ವ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ಕಾರ್ಡ್ ಮಾಡಿಕೊಡು ಅಂತ ಬಂದಿದ್ದಳು. ದಿನದ ಮೊದಲ ಬೋಣಿಗೆ. ಬೋಣಿಗೆ ಗಿರಾಕಿಯನ್ನು ಬ್ಯಾಡಗಿಯಲ್ಲಿ ಯಾವ ಅಂಗಡಿಯವನು ತಿರುಗಿಸಿ ಕಳಿಸುತ್ತಾನೆ? ಹತ್ತು ನಿಮಿಷದ ಕೆಲಸ, ಕೈ ತಾನಾಗಿ ಮಾಡಿ, ತಾನಾಗಿ ಸೇವ್ ಒತ್ತಿತ್ತು. ಅರುಣಾ ಕಾರ್ಡನ್ನು ಎರಡು ಸಲ ಓದಿದಳು. ಜಾವೇದನ ಕಡೆ ಒಮ್ಮೆ, ರಫೀಕನ ಕಡೆ ಒಮ್ಮೆ ನೋಡಿ ಮೆಲ್ಲಗೆ ಕೇಳಿದಳು: "ರಫೀಕ್ ಅವ್ರ, ಈ ಕೂಸಿನ ತೊಟ್ಟಿಲ ಕಾರ್ಯಕ್ರಮ 2025ರ ಆಗಸ್ಟ್ ಹದಿನೇಳಕ್ಕ ಅಂತ ಐತಿ. ಇದರ ಕಾರ್ಡ್ ಒಂಬತ್ತು ವರ್ಷ ಮೊದಲ ಹೆಂಗ ಮಾಡಿದ್ರಿ?"