ಸುಬೈದಾ ಹಿಂದೆ ತೆಗೆಯದ ದೂರು

ಸೋಮವಾರ ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಬಹ್ರೇನಿನ ರಿಫಾದ ಪೊಲೀಸ್ ಠಾಣೆಗೆ ಒಬ್ಬಳು ಹೆಂಗಸು ದೂರು ಕೊಡಲು ಬಂದಳು. ವಯಸ್ಸು ಅರವತ್ತು ದಾಟಿತ್ತು. ಬುರ್ಖಾದ ತೋಳಿನಲ್ಲಿ ಚುಚ್ಚಿದ್ದ ಎರಡು ಸೂಜಿಗಳನ್ನು ತೆಗೆಯಲು ಮರೆತೇ ಬಂದಿದ್ದಳು. ಅವಳ ಭಾಷೆ ಯಾರಿಗೂ ತಿಳಿಯದೆ ದುಭಾಷಿ ಖೈರುನ್ನಿಸಾಳನ್ನು ಕರೆಸಿದರು. ಖೈರುನ್ನಿಸಾಳ ತಂದೆತಾಯಿ ಉಳ್ಳಾಲದವರು, ಅವಳು ಹುಟ್ಟಿದ್ದು ಇಲ್ಲೇ ಮುಹರ್ರಕ್‌ನಲ್ಲಿ. ಒಬ್ಬರ ಮಾತನ್ನು ಇನ್ನೊಬ್ಬರ ಕಿವಿಗೆ ದಾಟಿಸುವುದೇ ಅವಳ ಕೆಲಸ. ತನ್ನದೊಂದು ಮಾತು ಸೇರಿಸುವಂತಿಲ್ಲ, ಅವರದೊಂದು ಮಾತು ಬಿಡುವಂತಿಲ್ಲ.

"ಕೂತ್ಕೊಳ್ಳಿ ಮಾಮಿ."

"ಕೂರ್ಲಿಕ್ಕೆ ಬಂದದ್ದಲ್ಲ ಮಗಳೇ. ನನ್ನ ಪಾಸ್‌ಪೋರ್ಟ್ ಕದ್ದಿದ್ದಾರೆ. ಬರ್ಕೊಳ್ಳಿಕ್ಕೆ ಹೇಳು."

ಹೆಸರು ಸುಬೈದಾ. ಮಗ ಸಿರಾಜ್‌ನ ಮನೆಯಲ್ಲಿ ವಾಸ, ಹೆಂಗಸರಿಗೆ ಬಟ್ಟೆ ಹೊಲಿದುಕೊಡುವ ಕೆಲಸ. ಬುಧವಾರ ಸಂಜೆ ವಿಮಾನ. ತನಿಖಾಧಿಕಾರಿ ಲೆಫ್ಟಿನೆಂಟ್ ರಾಶಿದ್ ಬರೆಯುತ್ತಲೇ ಕೇಳಿದ.

"ಪ್ರಯಾಣ ಎಲ್ಲಿಗೆ?"

"ಚೀನಾಕ್ಕೆ."

"ವ್ಯಾಪಾರವೇ?"

"ಅಲ್ಲ, ನೋಡ್ಲಿಕ್ಕೆ. ಗುಡ್ಡೆ, ಮತ್ತೆ ಹಳೇ ಪೇಟೆಗಳು."

ರಾಶಿದ್ ತಲೆಯೆತ್ತಿದ. "ಗುಡ್ಡ ಇಲ್ಲೂ ಇದೆಯಲ್ಲ ಖಾಲಾ, ಜಬಲ್ ದುಖಾನ್."

ಅದನ್ನು ಕೇಳಿ ಸುಬೈದಾ ಖೈರುನ್ನಿಸಾಳ ಕಡೆ ತಿರುಗಿದಳು. "ಅದು ಗುಡ್ಡೆಯಾ? ನಮ್ಮ ಗದ್ದೆಯ ಅಂಚಿನ ಕಟ್ಟಹುಣಿ ಅದಕ್ಕಿಂತ ಎತ್ತರ ಉಂಟು ಅಂತ ಹೇಳು. ಹಾಗೇ ಹೇಳು ಆಯ್ತಾ, ಸಕ್ಕರೆ ಹಾಕಬೇಡ."

ಖೈರುನ್ನಿಸಾ ಸಕ್ಕರೆ ಹಾಕಲಿಲ್ಲ. ರಾಶಿದ್ ಮೀಸೆಯೊಳಗೇ ನಕ್ಕು ದೂರು ದಾಖಲಿಸಿದ. ಊರಿನವರು ಎಫ್‌ಐಆರ್ ಎನ್ನುವುದಕ್ಕೆ ಇಲ್ಲಿ ಬಲಾಗ್ ಎಂದು ಹೆಸರು. ಹೆಬ್ಬೆಟ್ಟು ಸಾಕೆಂದರೂ ಕೇಳದೆ ಸುಬೈದಾ ನಿಧಾನವಾಗಿ ಕನ್ನಡದಲ್ಲಿ ಸಹಿ ಹಾಕಿದಳು.

ಪಾಸ್‌ಪೋರ್ಟ್ ಇದ್ದದ್ದು ಅವಳ ಮನೆಯಲ್ಲಲ್ಲ, ಪ್ರವಾಸದ ಏರ್ಪಾಡು ಮಾಡಿದ್ದ ಕೋಕಿಲಾಳ ಮನೆಯಲ್ಲಿ. ಮೈಸೂರಿನ ಕೋಕಿಲಾ ಡಿಪ್ಲೊಮ್ಯಾಟಿಕ್ ಏರಿಯಾದ ಬ್ಯಾಂಕೊಂದರಲ್ಲಿ ಅಧಿಕಾರಿ. ಹೊರಟಿದ್ದ ಹೆಂಗಸರೆಲ್ಲರ ಪಾಸ್‌ಪೋರ್ಟುಗಳು ವೀಸಾ ಆಗಿ ಬಂದ ಮೇಲೆ ಶುಕ್ರವಾರ ಒಂದೇ ಚೀಲದಲ್ಲಿ ಹಾಕಿ, ಪುಸ್ತಕದ ಕಪಾಟಿನ ಮೇಲೆ ಇಟ್ಟಿದ್ದಳು. ಸೋಮವಾರ ಬೆಳಿಗ್ಗೆ ತೆರೆದು ನೋಡಿದರೆ ಸುಬೈದಾಳದ್ದು ಮಾತ್ರ ಇಲ್ಲ.

ಮಧ್ಯಾಹ್ನ ರಾಶಿದ್, ಕಾನ್‌ಸ್ಟೇಬಲ್ ಹಮದ್, ಖೈರುನ್ನಿಸಾ ಅಲ್ಲಿಗೆ ಹೋಗಿ ಸ್ಥಳದ ಪಂಚನಾಮೆ ಮಾಡಿದರು. ಬಾಗಿಲು ಮುರಿದಿರಲಿಲ್ಲ, ಕಪಾಟು ಜಗ್ಗಿರಲಿಲ್ಲ.

"ಶುಕ್ರವಾರದಿಂದ ಮನೆಗೆ ಯಾರು ಬಂದಿದ್ದರು?" ರಾಶಿದ್ ಇಂಗ್ಲಿಷಿನಲ್ಲೇ ಕೇಳಿದ.

"ಯಾರೂ ಇಲ್ಲ."

"ನೆನಪು ಮಾಡಿ."

"ಖಂಡಿತಾ ಯಾರೂ ಬಂದಿಲ್ಲ ಸರ್."

ಕೋಕಿಲಾ ಸುಳ್ಳು ಹೇಳುತ್ತಿರಲಿಲ್ಲ. ಆದರೆ ನಮ್ಮ ಜನ ದಿನಾ ಬಂದುಹೋಗುವವರನ್ನು 'ಬಂದವರು' ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬುದು ಖೈರುನ್ನಿಸಾಳಿಗೆ ಗೊತ್ತಿತ್ತು. ಅವಳ ತಾಯಿಯೂ ಹಾಗೆಯೇ: ಮೀನಿನವನು, ಪಕ್ಕದ ಮನೆಯವಳು, ನಾದಿನಿಯ ಮಕ್ಕಳು ಬಂದುಹೋದ ಮೇಲೂ 'ಇವತ್ತು ಯಾರೂ ಬರಲಿಲ್ಲ' ಎಂದು ಬೇಸರಪಡುವವಳು. ರಾಶಿದ್‌ನ ಅನುಮತಿ ಪಡೆದು ಅವಳು ಕನ್ನಡದಲ್ಲಿ ಕೇಳಿದಳು.

"ಬಟ್ಟೆ ಕೊಡ್ಲಿಕ್ಕೆ, ತಿಂಡಿ ಕೊಡ್ಲಿಕ್ಕೆ, ಹಾಗೆ ಯಾರಾದ್ರೂ ಒಳಗೆ ಬಂದಿದ್ರಾ ಮೇಡಂ?"

"ಓ, ಹಾಗಾ? ಶನಿವಾರ ನಮ್ಮ ಸಿರಾಜ್ ಬಂದಿದ್ರು, ಸುಬೈದಾ ಆಂಟಿ ಮಗ. ಬ್ಲೌಸ್ ಕೊಟ್ಟು ಹೋದ್ರು. ನಾನು ಆನ್‌ಲೈನ್ ಮೀಟಿಂಗಲ್ಲಿದ್ದೆ, ಟೇಬಲ್ ಮೇಲೆ ಇಟ್ಟುಬಿಡಿ ಅಂದೆ." ಹೇಳುತ್ತಲೇ ಅವಳು ಕಪಾಟಿನ ಕಡೆ ತಿರುಗಿದಳು. "ಛೆ, ಅವರು ಮನೆಯವರ ಥರ ರೀ!"

ಕಟ್ಟಡದ ಕ್ಯಾಮೆರಾದಲ್ಲಿ ಸಿರಾಜ್ ಹೋದದ್ದೂ ಬಂದದ್ದೂ ಕಂಡಿತು. ಕೈಯಲ್ಲಿ ಬಟ್ಟೆಯ ಚೀಲ ಹೋಗಿತ್ತು, ಖಾಲಿ ಕೈ ಬಂದಿತ್ತು. ಕಿಸೆಯಲ್ಲಿ ಏನಿತ್ತೆಂದು ಕ್ಯಾಮೆರಾಕ್ಕೆ ಕಾಣುವುದಿಲ್ಲ. ಅಷ್ಟನ್ನೇ ನಂಬಿ ಮಗನನ್ನು ಹಿಡಿಯುವಂತಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಅವರು ಸಿರಾಜ್‌ನ ಮನೆಗೆ ಹೋದರು. ಅವನು ಟುಬ್ಲಿಯಲ್ಲಿದ್ದ ತನ್ನ ವಾಹನ ಬಿಡಿಭಾಗಗಳ ಅಂಗಡಿಗೆ ಹೋಗಿಯಾಗಿತ್ತು. ಅವನ ಹೆಂಡತಿ ಸಫ್ನಾ ಚಹಾ ತಂದಿಟ್ಟಳು. ನಡುಮನೆಯಲ್ಲಿ ಸುಬೈದಾಳ ನೀಲಿ ಪೆಟ್ಟಿಗೆ ಹಗ್ಗ ಬಿಗಿಸಿಕೊಂಡು ನಿಂತಿತ್ತು. ಅದರ ಪಕ್ಕದ ಗೋಡೆಯ ಮೊಳೆಯಲ್ಲಿ ಒಂದು ಕೊಕ್ಕೆತಕ್ಕಡಿ.

"ಇದು?" ಎಂದ ರಾಶಿದ್.

"ನಮ್ಮ ಮನೆಯವರದ್ದು," ಎಂದಳು ಸಫ್ನಾ. "ಈ ಬಿಲ್ಡಿಂಗಲ್ಲಿ ಯಾರು ಊರಿಗೆ ಹೊರಟ್ರೂ ಪೆಟ್ಟಿಗೆ ಇಲ್ಲಿಗೇ ಬರ್ತದೆ. ಇವರು ತೂಕ ನೋಡಿ, ಹಗ್ಗ ಬಿಗಿದು, ಏರ್‌ಪೋರ್ಟಿಗೆ ಬಿಟ್ಟು ಬಂದ್ರೇ ಇವರಿಗೆ ನಿದ್ದೆ. ಮೊನ್ನೆ ಆದಿತ್ಯವಾರ ಕೆಳಗಿನ ಮನೆಯ ಕ್ಲೊಟಿಲ್ಡಾನದ್ದು ಎರಡು ಸಲ ತೂಗಿದ್ರು."

"ಉಮ್ಮನದ್ದು ಎಷ್ಟು ಕೆ.ಜಿ. ಬಂತು?" ಖೈರುನ್ನಿಸಾ ಕೇಳಿದಳು.

ಹೊಲಿಗೆಯಂತ್ರದ ಹಿಂದಿನಿಂದ ಸುಬೈದಾಳೇ ಹೇಳಿದಳು: "ತೂಗ್ಲಿಲ್ಲ. ಹಗ್ಗ ನಾನೇ ಕಟ್ಟಿದ್ದು."

ಪಾಸ್‌ಪೋರ್ಟ್ ಕಾಣೆಯಾದದ್ದು ಉಳಿದವರಿಗೆಲ್ಲ ಸೋಮವಾರ ತಿಳಿಯಿತು. ಆದಿತ್ಯವಾರವೇ ಸಿರಾಜ್ ಕೆಳಮನೆಯ ಪೆಟ್ಟಿಗೆಯನ್ನು ಎರಡು ಸಲ ತೂಗಿದ್ದ, ಸ್ವಂತ ತಾಯಿಯದ್ದರ ಹತ್ತಿರವೂ ಸುಳಿದಿರಲಿಲ್ಲ. ಹೊರಡದ ಪೆಟ್ಟಿಗೆಯನ್ನು ಯಾರು ತೂಗುತ್ತಾರೆ? ಖೈರುನ್ನಿಸಾ ಆ ರೂಢಿಯನ್ನು ರಾಶಿದ್‌ಗೆ ಅರಬ್ಬಿಯಲ್ಲಿ ವಿವರಿಸಿದಳು.

ಮೆಟ್ಟಿಲಿಳಿಯುವಾಗ ಸುಬೈದಾ ಹಿಂದಿನಿಂದ ಬಂದು ಅವಳ ಕೈ ಹಿಡಿದಳು.

"ನಿಮಗೆ ಮೊದಲೇ ಸಂಶಯ ಇತ್ತಾ ಮಾಮಿ?"

"ಹೆತ್ತವಳಿಗೆ ಗೊತ್ತಾಗುವುದಿಲ್ವಾ?"

"ಮತ್ತೆ ಮನೆಯಲ್ಲೇ ಕೇಳ್ಬಹುದಿತ್ತಲ್ಲ?"

"ಮನೆಯಲ್ಲಿ ಕೇಳಿದ್ರೆ ಮನೆಯಲ್ಲೇ ಮುಗೀತದೆ." ಸುಬೈದಾ ಉಸಿರು ತೆಗೆದುಕೊಂಡಳು. "ನನ್ನ ತವರುಮನೆ ಬೆಳ್ತಂಗಡಿ ಹತ್ತಿರ, ಜಮಾಲಾಬಾದ್ ಬಂಡೆಯ ಬುಡದಲ್ಲಿ. ಅಣ್ಣಂದಿರು ಎಷ್ಟು ಸಲ ಹತ್ತಿದ್ರೋ. ನನಗೆ ಬುಡದಲ್ಲಿ ಕಟ್ಟಿಗೆ ಆಯುವ ಕೆಲಸ. ಮೇಲೆ ಎಂತ ಉಂಟು ಅಂತ ಕೇಳಿದ್ರೆ 'ನಿನಗೆಂತಕ್ಕೆ' ಅಂತ ಹೇಳ್ತಿದ್ರು. ಮೊದಲು ಅಣ್ಣಂದಿರು, ಆಮೇಲೆ ಗಂಡ. ಈಗ ನಾನು ಹೆತ್ತವನೂ ಅದನ್ನೇ ಹೇಳ್ತಾನೆ. ಇನ್ನು ಕೇಳ್ಲಿಕ್ಕಿಲ್ಲ ಮಗಳೇ. ಹೋಗಿ ನೋಡ್ಲಿಕ್ಕೇ."

ಟುಬ್ಲಿಯ ಅಂಗಡಿಯಲ್ಲಿ ಸಿರಾಜ್ ಗಿರಾಕಿಯೊಬ್ಬನಿಗೆ ಬ್ರೇಕ್ ಪ್ಯಾಡ್ ತೋರಿಸುತ್ತಿದ್ದ. ರಾಶಿದ್ ಗಿರಾಕಿಯನ್ನು ಹೊರಗೆ ಕಳುಹಿಸಿದ.

"ತಾಯಿಯ ಪೆಟ್ಟಿಗೆ ಯಾಕೆ ತೂಗಲಿಲ್ಲ?"

ಕ್ಯಾಮೆರಾದ ಬಗ್ಗೆ, ಕಪಾಟಿನ ಬಗ್ಗೆ ಕೇಳಿದ್ದರೆ ಸಿರಾಜ್‌ನ ಹತ್ತಿರ ಉತ್ತರ ಇತ್ತೋ ಏನೋ. ಇದನ್ನು ಕೇಳಿ ಅವನು ಕೈಯಲ್ಲಿದ್ದ ಬ್ರೇಕ್ ಪ್ಯಾಡನ್ನು ಡಬ್ಬಿಗೆ ವಾಪಸ್ ತುಂಬತೊಡಗಿದ. ಅಷ್ಟರಲ್ಲಿ ಹಮದ್ ಹಿಂಬದಿಯ ಕಪಾಟುಗಳನ್ನು ಒಂದೊಂದಾಗಿ ನೋಡತೊಡಗಿದ್ದ. ಮೇಲಿನ ಸಾಲಿನಲ್ಲಿ, ಚೀನಾದಿಂದಲೇ ಬಂದ ಬ್ರೇಕ್ ಪ್ಯಾಡಿನ ಡಬ್ಬಿಯೊಂದರಲ್ಲಿ, ಪ್ಲಾಸ್ಟಿಕ್ಕಿನಲ್ಲಿ ಜೋಪಾನವಾಗಿ ಸುತ್ತಿದ ಪಾಸ್‌ಪೋರ್ಟ್ ಸಿಕ್ಕಿತು. ಇಬ್ಬರು ಸಾಕ್ಷಿಗಳ ಎದುರು ಪಂಚನಾಮೆಯಾಯಿತು. ಮಧ್ಯಾಹ್ನ ಒಂದು ಗಂಟೆಗೆ ಸಿರಾಜ್‌ನ ಬಂಧನವಾಯಿತು.

ಠಾಣೆಯಲ್ಲಿ ಹೇಳಿಕೆ ಬರೆಸುವಾಗ ಅವನು ಹೇಳಿದ್ದಿಷ್ಟು: "ನಮ್ಮ ಉಪ್ಪ ತೀರಿಹೋಗಿ ಎರಡು ವರ್ಷ ಆಗ್ಲಿಲ್ಲ. ಮಗನನ್ನು ಬಿಟ್ಟು ಉಮ್ಮ ಚೀನಾ ಸುತ್ತಲಿಕ್ಕೆ ಹೋದ್ರೆ ಜನ ಎಂತ ಹೇಳ್ತಾರೆ?"

"ಯಾವ ಜನ?" ಎಂದ ರಾಶಿದ್. "ಹೆಸರು ಹೇಳು."

ಹೇಳಿಕೆಯಲ್ಲಿ ಹೆಸರಿನ ಜಾಗ ಖಾಲಿಯೇ ಉಳಿಯಿತು.

ಸಂಜೆ ರಾಶಿದ್ ಸುಬೈದಾಳನ್ನು ಕರೆಸಿದ. ಕೋಕಿಲಾಳೂ ಸಫ್ನಾಳೂ ಜೊತೆಗೆ ಬಂದರು. ಅವನು ಎರಡು ದಾರಿ ಹೇಳಿದ. ಇದು ಮನೆಯೊಳಗಿನ ಕಳವು, ತಾಯಿ ತನಾಝುಲ್ ಬರೆದುಕೊಟ್ಟರೆ, ಅಂದರೆ ದೂರು ಹಿಂದೆ ತೆಗೆದರೆ, ಮಗನೂ ಪಾಸ್‌ಪೋರ್ಟೂ ಈಗಲೇ ಅವಳ ಜೊತೆ ಮನೆಗೆ ಹೋಗಬಹುದು. ಬರೆಯದಿದ್ದರೆ ಪಾಸ್‌ಪೋರ್ಟ್ ಸಾಕ್ಷ್ಯ, ಪ್ರಾಸಿಕ್ಯೂಟರ್ ಹೇಳುವ ತನಕ ಠಾಣೆಯಲ್ಲೇ ಇರಬೇಕು. ನಾಳೆಯ ವಿಮಾನ ತಪ್ಪಬಹುದು.

"ಸೈನ್ ಮಾಡಿಬಿಡಿ ಆಂಟಿ," ಎಂದಳು ಕೋಕಿಲಾ. "ನೀವಿಲ್ದೆ ನಾವ್ಯಾರೂ ಆ ಗುಡ್ಡದ ಅಷ್ಟು ಮೆಟ್ಟಿಲು ಹತ್ತಲ್ಲ."

ಸಫ್ನಾ ಅಳುತ್ತಿದ್ದಳು. "ಉಮ್ಮಾ, ನಿಮ್ಮ ಮಗ ಅಲ್ವಾ?"

"ಮಗನೇ. ಅದಕ್ಕೇ." ಸುಬೈದಾ ಮುಂದಿದ್ದ ಪೆನ್ನನ್ನು ಬೆರಳಿನಿಂದ ದೂರ ಸರಿಸಿದಳು. "ಈಗ ಸಹಿ ಹಾಕಿ ಹೋದ್ರೆ ಅವನು ಬಿಟ್ಟದ್ದಕ್ಕೆ ನಾನು ಹೋದ ಹಾಗಾಯ್ತು. ಮುಂದಿನ ಸಲ ಸಫ್ನಾ ಎಲ್ಲಿಗಾದ್ರೂ ಹೊರಟ್ರೆ ಅವಳದ್ದೂ ಆ ಡಬ್ಬಿಗೆ ಹೋಗ್ತದೆ. ವಿಮಾನ ತಪ್ಪಿದ್ರೆ ತಪ್ಪಲಿ. ಕದ್ದದ್ದು ಕದ್ದದ್ದೇ ಅಂತ ಬರ್ಕೊಂಡಿದ್ದೀರಲ್ಲ, ಅದು ಹಾಗೇ ಇರ್ಲಿ. ಮತ್ತೆ ಪಾಸ್‌ಪೋರ್ಟ್ ನನ್ನದು, ಅದನ್ನೂ ಕೊಡಿ."

ಖೈರುನ್ನಿಸಾ ಅದನ್ನು ಅರಬ್ಬಿಗೆ ಇಳಿಸಿದಳು. ಕೊನೆಯಲ್ಲಿ, ಕೆಲಸಕ್ಕೆ ಸೇರಿದ ಮೇಲೆ ಮೊದಲ ಬಾರಿಗೆ, ತನ್ನದೊಂದು ಮಾತು ಸೇರಿಸಿದಳು. "ಪುಟಪುಟವೂ ಫೋಟೊ ತೆಗೆದು ಕಡತಕ್ಕೆ ಹಾಕಿದರೆ ಸಾಲದೇ? ಪ್ರಾಸಿಕ್ಯೂಟರನ್ನು ಕೇಳಿ ನೋಡಬಹುದಲ್ಲ?"

ರಾಶಿದ್ ಅವಳನ್ನೇ ನೋಡಿದ. "ಇದು ಖಾಲಾ ಹೇಳಿದ್ದೋ, ನೀನು ಹೇಳಿದ್ದೋ?"

"ನಾನು ಹೇಳಿದ್ದು."

ಅವನು ಫೋನು ಎತ್ತಿಕೊಂಡ.

ಬುಧವಾರ ಮಧ್ಯಾಹ್ನದ ತನಕ ಸುದ್ದಿ ಬರಲಿಲ್ಲ. ಸುಬೈದಾ ನೀಲಿ ಪೆಟ್ಟಿಗೆಯನ್ನು ಠಾಣೆಯ ಬೆಂಚಿನ ಪಕ್ಕ ನಿಲ್ಲಿಸಿಕೊಂಡು ಕೂತಿದ್ದಳು. ಮೂರು ಗಂಟೆಯ ಅಸ್ರ್ ಬಾಂಗಿನ ಹೊತ್ತಿಗೆ ಆದೇಶ ಬಂತು: ಫೋಟೊ ಇಟ್ಟುಕೊಂಡು ಪಾಸ್‌ಪೋರ್ಟನ್ನು ವಾರಸುದಾರಳಿಗೆ ಕೊಡುವುದು, ಆರೋಪಿಗೆ ಜಾಮೀನು, ಪ್ರಕರಣ ಮುಗಿಯುವ ತನಕ ಅವನು ದೇಶ ಬಿಡುವಂತಿಲ್ಲ, ವಾರಕ್ಕೊಮ್ಮೆ ಠಾಣೆಗೆ ಬಂದು ಸಹಿ ಹಾಕಬೇಕು. ಪೆಟ್ಟಿಗೆಯನ್ನು ಕೋಕಿಲಾಳ ಕಾರಿಗೆ ಹಮದ್ ಎತ್ತಿಟ್ಟ.

ಮುಂದಿನ ಬುಧವಾರ ಸಿರಾಜ್ ಸಹಿ ಹಾಕಲು ಬಂದಾಗ ಖೈರುನ್ನಿಸಾಳ ಫೋನಿನಲ್ಲಿ ಸುಬೈದಾಳ ದನಿಯ ಸಂದೇಶ ಬಂದು ಬಿದ್ದಿತ್ತು. ಕೇಳುತ್ತೀರಾ ಎಂದಳು ಖೈರುನ್ನಿಸಾ. ಅವನು ಹೂಂ ಎಂದು ತಲೆಯಾಡಿಸಿದ.

"ಮಗಳೇ, ನಿನ್ನೆ ಗುಡ್ಡೆ ಹತ್ತಿದೆ. ಕಂಬ ನೆಟ್ಟ ಹಾಗೆ ಬಂಡೆಗಳು, ಅದರ ನಡುವಿನಲ್ಲಿ ಮೋಡ ನಮ್ಮ ಕಾಲಿನ ಕೆಳಗೆ ಹೋಗ್ತದೆ. ಮಂಡಿ ಬಿಟ್ಟುಹೋಯ್ತು, ಕೋಕಿಲಾನಿಗೆ ಅರ್ಧದಲ್ಲೇ ಸಾಕಾಯ್ತು, ನಾನು ಮಾತ್ರ ಬಿಡ್ಲಿಲ್ಲ. ಇವತ್ತು ಹಳೇ ಪೇಟೆ. ಹೊಳೆಯ ಮೇಲೆ ಕಾಲು ಕೊಟ್ಟು ಮರದ ಮನೆಗಳು ನಿಂತಿವೆ. ಹೆಂಗಸರು ಕಲ್ಲಿನಲ್ಲಿ ಕೂತು ಕೋಲಿನಲ್ಲಿ ಬಟ್ಟೆ ಬಡೀತಾರೆ. ಒಬ್ಬಳು ಮುದುಕಿ ನನ್ನ ಕೈಗೆ ಕೋಲು ಕೊಟ್ಟಳು, ನಾನೂ ಎರಡು ಬಡಿದೆ. ನಾಳೆ ಇನ್ನೊಂದು ಗುಡ್ಡೆ ಉಂಟು."

ದನಿ ನಿಂತಿತು. ಸಿರಾಜ್ ಇನ್ನೂ ಇದೆಯೇನೋ ಎಂದು ಕಾದ.

"ನನ್ನ ಬಗ್ಗೆ ಎಂತ ಹೇಳಿದ್ರು?"

"ಎಂತದೂ ಹೇಳ್ಲಿಲ್ಲ."

ಅವನು ಪೆನ್ನು ಕೆಳಗಿಟ್ಟ. ಈ ಸಲ ಯಾರೂ ಪ್ರಶ್ನೆ ಕೇಳಿರಲಿಲ್ಲ.

"ಅದೇ," ಎಂದ. "ಹೊರಗೆ ಹೋದ್ರೆ ಉಮ್ಮನಿಗೆ ನನ್ನ ನೆನಪೇ ಬರ್ಲಿಕ್ಕಿಲ್ಲ ಅಂತ ಗೊತ್ತಿತ್ತು. ಅದಕ್ಕೇ ನಾನು ಪಾಸ್‌ಪೋರ್ಟ್ ತೆಗೆದದ್ದು."